ಸ್ಕಾಟ್ಲೆಂಡಿನ ಗುಡ್ಡದಲ್ಲಿ ಕರೂರಿನ ಬದು

ಬಳ್ಳಾರಿ

ವಿದೇಶಕ್ಕೆ ಹೋದವರು ಅರಮನೆ, ಸೇತುವೆ, ಗೋಪುರ ನೋಡಿ ಬಂದು ಬರೆಯುತ್ತಾರೆ. ನಾನು ಐದು ತಿಂಗಳು ಒಂದೇ ಗುಡ್ಡ ನೋಡಿ ಬಂದವಳು. ಗುಡ್ಡ ಅಂದರೆ ಇಡೀ ಗುಡ್ಡವೂ ಅಲ್ಲ, ಅದರ ಮೇಲಿನ ಕಾಲುದಾರಿ. ಆ ದಾರಿಯಲ್ಲೂ ಕೊನೆಗೆ ನನ್ನ ನಿದ್ದೆ ಕೆಡಿಸಿದ್ದು ಹತ್ತು ಹೆಜ್ಜೆಯಷ್ಟು ಜಾಗ ಮಾತ್ರ.

ನಾನು ಈರಮ್ಮ. ಹುಟ್ಟಿದ್ದು ಸಿರುಗುಪ್ಪ ತಾಲೂಕಿನ ಕರೂರಿನಲ್ಲಿ, ಇರುವುದು ಬಳ್ಳಾರಿಯ ಪಾರ್ವತಿನಗರದಲ್ಲಿ. ಗುಡ್ಡಗಳಲ್ಲಿ ಸಸಿ ನೆಡುವ ಒಂದು ಸಂಸ್ಥೆಯಲ್ಲಿ ಹನ್ನೊಂದು ಮಳೆಗಾಲ ಕೆಲಸ ಮಾಡಿದ್ದೇನೆ. ಮುಂಗಾರು ಶುರುವಾದಾಗ ಕರೆಯುತ್ತಾರೆ, ಗುಂಡಿ ತೋಡು, ಸಸಿ ಇಡು, ನೀರು ಹೊರು ಅನ್ನುತ್ತಾರೆ. ದೀಪಾವಳಿ ಹೊತ್ತಿಗೆ ಮನೆಗೆ ಕಳಿಸುತ್ತಾರೆ. ನಮಗೆ ಸೀಸನ್ ಆಳು ಅಂತ ಹೆಸರು, ಮಾವಿನಹಣ್ಣಿನ ಹಾಗೆ.

ಕುರುಗೋಡಿನ ಗುಡ್ಡಕ್ಕೆ ಹತ್ತುವ ಒಂದು ದಾರಿ ಪ್ರತಿ ಮಳೆಗೂ ಕೊಚ್ಚಿ ಹೋಗಿ ಹಳ್ಳವಾಗುತ್ತಿತ್ತು. ಅದನ್ನು ಕಲ್ಲಿನಲ್ಲಿ ಸರಿಯಾಗಿ ಕಟ್ಟಬೇಕೆಂದು ನಮ್ಮ ಸಂಸ್ಥೆಯವರು ತೀರ್ಮಾನಿಸಿದರು. ಅದಕ್ಕೆ ಮೊದಲು ಇಬ್ಬರು ಸ್ಕಾಟ್ಲೆಂಡಿಗೆ ಹೋಗಬೇಕು, ಅಲ್ಲಿ ಬೇಸಿಗೆಯಿಡೀ ಗುಡ್ಡದ ದಾರಿ ರಿಪೇರಿ ಮಾಡುವ ತಂಡದ ಜೊತೆ ದುಡಿದು ಕಲಿಯಬೇಕು. ಸೀಸನ್ ಮುಗಿಯುವಾಗ ಅಲ್ಲಿನ ಮುಖ್ಯಸ್ಥರು, ಇವರು ಇನ್ನೊಬ್ಬರಿಂದ ಕೆಲಸ ಮಾಡಿಸಬಲ್ಲರು ಎಂದು ಪತ್ರ ಬರೆದು ಕೊಟ್ಟರೆ, ಆ ಪತ್ರ ತಂದವರೇ ಕುರುಗೋಡಿನ ಕೆಲಸಕ್ಕೆ ಮುಂದಾಳು. ಮೊದಲನೆಯ ಹೆಸರಿಗೆ ಯಾರ ತಕರಾರೂ ಇರಲಿಲ್ಲ: ಕುರುಗೋಡಿನ ಹೊನ್ನೂರಪ್ಪ, ಐವತ್ತೈದು ವರ್ಷದ ಕಲ್ಲುಕುಟಿಗ. ಎರಡನೆಯದಕ್ಕೆ ನಾನು ಕೈ ಎತ್ತಿದೆ.

ಮ್ಯಾನೇಜರು ನಕ್ಕರು. "ಈರಮ್ಮ, ನೀನು ಸಸಿಗೆ ನೀರು ಹಾಕಾಕ ಬೆಸ್ಟು. ದಾರಿ ಕಟ್ಟಾಕ ಗಂಡಾಳು ಬೇಕವ್ವ."

"ಬರೀ ಗಂಡಾಳು ಕಟ್ಟಿದ ದಾರಿನಽ ವರ್ಷಾ ವರ್ಷಾ ಕೊಚ್ಕೊಂಡು ಹೋಗಾಕತ್ತೈತಿ ಸರ," ಅಂದೆ.

ಮೀಟಿಂಗಿನಲ್ಲಿ ಎಲ್ಲರೂ ನಕ್ಕರು, ಮ್ಯಾನೇಜರು ಬಿಟ್ಟು. ಆದರೆ ಬಿ.ಎ. ಓದಿ ಅಷ್ಟಿಷ್ಟು ಇಂಗ್ಲಿಷ್ ಬರುವ ಆಳು ನಾನೊಬ್ಬಳೇ ಇದ್ದುದರಿಂದ ಹೆಸರು ಬರೆದುಕೊಳ್ಳಲೇಬೇಕಾಯಿತು. ಹೊಲಿಗೆ ಅಂಗಡಿ ಇಟ್ಟಿರುವ ನಮ್ಮ ಮನೆಯವರು, "ಹೋಗಿ ಬಾ. ಕಳಸ್ಲಿಲ್ಲಂದ್ರ ಸಾಯೋತನಕ ನನ್ನ ತಲಿ ತಿಂತಿ," ಎಂದು ಒಪ್ಪಿಗೆ ಕೊಟ್ಟರು. ಪತ್ರ ಇಲ್ಲದೆ ವಾಪಸು ಬರುವುದಿಲ್ಲ ಎಂದು ನಾನು ಅಂದೇ ಗಟ್ಟಿ ಮಾಡಿಕೊಂಡೆ.

ವಿಮಾನ ನಿಲ್ದಾಣ

ನಮ್ಮ ವಿದೇಶ ಪ್ರಯಾಣ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮುಗಿದುಹೋಗುವುದರಲ್ಲಿತ್ತು. ತಪಾಸಣೆಯ ಯಂತ್ರದೊಳಗೆ ಹೋದ ಹೊನ್ನೂರಣ್ಣನ ಕೈಚೀಲ ಹೊರಗೆ ಬರಲೇ ಇಲ್ಲ. ಜೋಳದ ರೊಟ್ಟಿಯ ಗಂಟಿನ ನಡುವೆ ಆತ ನಾಲ್ಕು ಉಳಿ, ಒಂದು ಸುತ್ತಿಗೆ ಇಟ್ಟುಕೊಂಡಿದ್ದ.

"ನಮ್ಮಪ್ಪನ ಕಾಲದ್ದು ರೀ ಇವು. ಇವಿಲ್ದ ನಾ ಅಲ್ಲಿಗೆ ಹೋಗಿ ಏನ್ ಮಾಡ್ಲಿ, ಹಲ್ಲಿಲೆ ಕಲ್ಲು ಕಡೀಲೇನು?" ಎಂದು ಅಧಿಕಾರಿಯನ್ನೇ ಕೇಳಿದ. ಆ ಅಧಿಕಾರಿ ಉತ್ತರ ಭಾರತದ ಕಡೆಯವನು, ಕನ್ನಡ ಬಾರದು. ಹೊನ್ನೂರಣ್ಣ ತೆಲುಗಿನಲ್ಲಿ ಇನ್ನೊಮ್ಮೆ ಕೇಳಿದ. ಕೊನೆಗೆ ನಾನು ಆ ಹತಾರಗಳನ್ನು ಎತ್ತಿಕೊಂಡು ಹೊರಗೆ ಓಡಿ, ಲಗೇಜಿನವರ ಕೈಕಾಲು ಹಿಡಿದು, ಅವನ್ನು ಪ್ರತ್ಯೇಕ ಡಬ್ಬಿಯಲ್ಲಿ ಹಾಕಿಸಿ ಬರುವಷ್ಟರಲ್ಲಿ ನಮ್ಮ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದರು. ವಿಮಾನದಲ್ಲಿ ಕೂತ ಮೇಲೆ ಹೊನ್ನೂರಣ್ಣ ಕೇಳಿದ ಮೊದಲ ಮಾತು, "ರೊಟ್ಟಿ ಎಲ್ಲೈತಿ?" ಅಂತ. ರೊಟ್ಟಿಯೂ ಉಳಿಯ ಜೊತೆಗೆ ಡಬ್ಬಿ ಸೇರಿತ್ತು.

ಗುಡ್ಡದ ಬುಡ

ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಮನೆ, ಅದರೊಳಗೆ ಎಂಟು ಮಂಚ, ಒಂದು ಒಲೆ. ತಂಡದ ಮುಖ್ಯಸ್ಥೆ ಮೊರಾಗ್. ಅರವತ್ತು ದಾಟಿದ ಹೆಂಗಸು, ಬಿಳಿ ಕೂದಲು, ನನ್ನದರ ಎರಡರಷ್ಟು ದಪ್ಪದ ಮುಂಗೈ. ಹತ್ತೊಂಬತ್ತನೇ ವಯಸ್ಸಿನಿಂದ ಪ್ರತಿ ಬೇಸಿಗೆ ಇದೇ ಕೆಲಸ ಮಾಡಿದವಳು. ಅಂದರೆ ಅವಳೂ ಸೀಸನ್ ಆಳೇ. ಅದು ತಿಳಿದ ಕೂಡಲೇ ನನಗೆ ಅವಳ ಮೇಲೆ ಒಂದು ಸಲುಗೆ ಹುಟ್ಟಿತು. ಅವಳಿಗೆ ನನ್ನ ಮೇಲೆ ಹುಟ್ಟಿದ ಹಾಗೆ ಕಾಣಲಿಲ್ಲ.

ಅಲ್ಲಿನವರ ಬೇಸಿಗೆ ನಮ್ಮ ಕಡೆಯ ಯಾವ ಕಾಲಕ್ಕೂ ಹೊಂದುವುದಿಲ್ಲ. ಬೆಳಗ್ಗೆ ಜಿಟಿಜಿಟಿ ಮಳೆ, ಮಧ್ಯಾಹ್ನ ಜೋರು ಮಳೆ, ಸಂಜೆ ಮತ್ತೆ ಜಿಟಿಜಿಟಿ. ಅದರ ನಡುವೆ ಕಾಲು ಗಂಟೆ ಬಿಸಿಲು ಬಂದರೆ ಸಾಕು, ಎಲ್ಲರೂ ಅಂಗಿ ಕಳಚಿ ಕಲ್ಲಿನ ಮೇಲೆ ಮಲಗುತ್ತಾರೆ. ಬಳ್ಳಾರಿಯ ಏಪ್ರಿಲ್ ತಿಂಗಳನ್ನು ಡಬ್ಬಿಯಲ್ಲಿ ತುಂಬಿ ತಂದಿದ್ದರೆ ಇವರಿಗೆ ಹಂಚಬಹುದಿತ್ತು. ಗಾಳಿ ನಿಂತರೆ ಒಂದು ಬಗೆಯ ಗುಂಗುರು ಏಳುತ್ತದೆ, ಕಣ್ಣಿಗೆ ಕಾಣುವುದೇ ಕಷ್ಟ, ಕಚ್ಚಿದರೆ ಮೈಯೆಲ್ಲ ದದ್ದು. ಅದಕ್ಕೆ ತಲೆಗೆ ಬಲೆ ಹಾಕಿಕೊಂಡು ಕೆಲಸ. ಬಲೆಯೊಳಗಿಂದಲೇ ಟೀ ಕುಡಿಯುವ ವಿದ್ಯೆ ನನಗೆ ಕೊನೆಯವರೆಗೂ ಬರಲಿಲ್ಲ.

ಗುಡ್ಡ ಹತ್ತುವವರು ನಮ್ಮನ್ನು ದಾಟುವಾಗ ತಪ್ಪದೆ ನಿಂತು, "ದಾರಿ ಮಾಡಿದ್ದಕ್ಕೆ ಥ್ಯಾಂಕ್ಸ್" ಅನ್ನುತ್ತಿದ್ದರು. ಹನ್ನೊಂದು ಮಳೆಗಾಲ ಗುಂಡಿ ತೋಡಿದ ನನಗೆ ಯಾರೂ ಹಾಗೆ ಅಂದಿರಲಿಲ್ಲ. ಮೊದಲ ದಿನ ಎದ್ದು ನಿಂತು ಕೈ ಮುಗಿದುಬಿಟ್ಟೆ.

ಆ ಗುಡ್ಡದ ಮೈಯೆಲ್ಲ ಹುಲ್ಲು ಮತ್ತು ಕರಿ ಜೌಗು ಮಣ್ಣು. ಬೇಕಾದ ಕಡೆ ಕಲ್ಲಿಲ್ಲ. ಅದಕ್ಕೆ ಹೆಲಿಕಾಪ್ಟರಿನಲ್ಲಿ ಚೀಲ ಚೀಲ ಕಲ್ಲು ತಂದು ಇಳಿಸಿದರು. ಕುರುಗೋಡಿನ ಹೊನ್ನೂರಣ್ಣ ಟೊಪ್ಪಿಗೆ ತೆಗೆದು ಆಕಾಶ ನೋಡಿದ. "ನಮ್ಮೂರಾಗ ಕಲ್ಲಿಗೆ ಇಷ್ಟು ಮರ್ಯಾದಿ ಇಲ್ಲವ್ವ. ಮನುಷಾರಿಗೇ ಬಸ್ಸಿಲ್ಲ."

ಆತನ ಉಳಿಗಳ ಕತೆ ಬೇಗ ಮುಗಿಯಿತು. ಮೊದಲ ಮೂರು ದಿನ ಕೂತು ಒಂದು ಮೆಟ್ಟಿಲಿನ ಕಲ್ಲನ್ನು ನಾಲ್ಕೂ ಮೂಲೆ ತಿದ್ದಿ ಹೊಸ್ತಿಲಿನಷ್ಟು ಚೊಕ್ಕಟ ಮಾಡಿದ. ಮೊರಾಗ್ ಅದನ್ನು ಕೈಯಿಂದ ಸವರಿ, ತುಂಬಾ ಚೆನ್ನಾಗಿದೆ, ಆದರೆ ಇಲ್ಲಿ ಬೇಡ ಎಂದಳು. ಮಳೆಯಲ್ಲಿ ಜಾರುತ್ತದೆ, ಮತ್ತೆ ಗುಡ್ಡದಲ್ಲಿ ಮನುಷ್ಯ ಕೆಲಸ ಮಾಡಿದ್ದು ಕಾಣಬಾರದು. ಇದನ್ನು ಕನ್ನಡದಲ್ಲಿ ಹೇಳುವಾಗ ನನಗೇ ನಾಚಿಕೆಯಾಯಿತು. ಹೊನ್ನೂರಣ್ಣ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಒರಟು ಕಲ್ಲನ್ನು ಹಾಗೆಯೇ ತಿರುಗಿಸಿ ಮುರುಗಿಸಿ ಕೂರಿಸಲು ಕಲಿತ. ತಿಂಗಳಾಗುವಷ್ಟರಲ್ಲಿ ಮೊರಾಗ್ ಬೇರೆಯವರಿಗೆ ಆತನ ಮೆಟ್ಟಿಲು ತೋರಿಸುತ್ತಿದ್ದಳು.

ನಾನು ಆಗಿನ್ನೂ ಹುಲ್ಲು ಸಮೇತ ಮಣ್ಣಿನ ಹೆಂಟೆ ಕತ್ತರಿಸುತ್ತ, ಕಲ್ಲು ಹೊರುತ್ತ ಇದ್ದೆ.

ಒಂದು ಹೆಂಟೆ

ಮೊರಾಗ್ ಹೇಳುವ ಪ್ರಕಾರ ದಾರಿಯನ್ನು ಕೆಡಿಸುವುದು ನೀರು, ಕಾಲಲ್ಲ. ದಾರಿಗೆ ಅಡ್ಡಲಾಗಿ, ತುಸು ಓರೆಯಾಗಿ ಕಲ್ಲಿನ ಮೋರಿ ಇಡಬೇಕು. ದಾರಿಯ ಮೇಲೆ ಹರಿದು ಬಂದ ನೀರು ಆ ಕಲ್ಲಿಗೆ ತಾಗಿ ಪಕ್ಕದ ಕಂಡಿಯಿಂದ ಇಳಿಜಾರಿಗೆ ಹೋಗಿಬಿಡಬೇಕು. ಆಗಸ್ಟ್ ಕೊನೆಗೆ ನನಗೆ ಮೊದಲ ಸಲ ಒಬ್ಬಳೇ ಒಂದು ಮೋರಿ ಇಡಲು ಕೊಟ್ಟಳು. ಹೊನ್ನೂರಣ್ಣ ಮೂರು ವಾರ ಕಟ್ಟಿದ ಮೆಟ್ಟಿಲುಗಳ ಮೇಲ್ಗಡೆ ಅದರ ಜಾಗ. ಇಟ್ಟೆ. ಅವಳು ನೋಡಿ, ಪರವಾಗಿಲ್ಲ ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು.

ಸಂಜೆ ಎಲ್ಲರೂ ಇಳಿದರು. ನಾನು ಸಲಿಕೆ ತೊಳೆದು ಹಿಂದೆ ಉಳಿದಿದ್ದೆ. ನನ್ನ ಮೋರಿಯ ಕಂಡಿಯಿಂದ ತಿಳಿನೀರು ಬೆರಳಗಲ ಹರಿದು ಹುಲ್ಲಿನಲ್ಲಿ ಸುಮ್ಮನೆ ಇಳಿದುಹೋಗುತ್ತಿತ್ತು.

ಇಲ್ಲಿ ಕರೂರಿನ ಮಾತು ಸ್ವಲ್ಪ ಹೇಳಬೇಕು. ನಮ್ಮ ಹೊಲ ಕಾಲುವೆಯ ಕೊನೆ ಭಾಗದಲ್ಲಿದೆ. ಮೇಲಿನವರೆಲ್ಲ ಕುಡಿದು ಉಳಿದ ನೀರು ನಮಗೆ. ಭತ್ತದ ಮಡಿಯಿಂದ ಮನೆಗೆ ಹೊರಡುವಾಗ ಬದುವಿನ ಕಂಡಿಗೆ ಒಂದು ಹೆಂಟೆ ಇಟ್ಟು, ಹಿಮ್ಮಡಿಯಿಂದ ಒತ್ತಿ, ಆಮೇಲೆಯೇ ಹೆಜ್ಜೆ ಎತ್ತುವುದು. ಕೋಣೆ ಬಿಡುವಾಗ ಫ್ಯಾನು ಆರಿಸುವ ಹಾಗೆ. ಕಂಡಿ ಮರೆತು ಬಂದ ದಿನ ಅಣ್ಣನ ಕೈಯಲ್ಲಿ ಬೈಸಿಕೊಳ್ಳದೆ ಊಟ ಸಿಕ್ಕಿದ್ದಿಲ್ಲ.

ಆ ಸಂಜೆ ನಾನು ಯೋಚಿಸಿ ಏನನ್ನೂ ಮಾಡಲಿಲ್ಲ. ಒಂದು ಹೆಂಟೆ ಕತ್ತರಿಸಿದೆ, ಕಂಡಿಗೆ ಇಟ್ಟೆ, ಹಿಮ್ಮಡಿಯಿಂದ ಒತ್ತಿದೆ, ಇಳಿದು ಬಂದು ಸಾರು ಮಾಡಿದೆ.

ರಾತ್ರಿಯೆಲ್ಲ ಮಳೆ. ಬೆಳಗ್ಗೆ ಹತ್ತಿ ನೋಡಿದರೆ ಹೊನ್ನೂರಣ್ಣನ ಮೆಟ್ಟಿಲುಗಳಲ್ಲಿ ಅರ್ಧ ಇರಲಿಲ್ಲ. ಮೋರಿ ತುಂಬಿ, ಕಲ್ಲು ಹಾರಿ ಬಂದ ನೀರು ದಾರಿಯ ನಡುವೆ ಮೊಣಕಾಲುದ್ದದ ಕೊರಕಲು ಮಾಡಿ ಹೋಗಿತ್ತು. ಮೊರಾಗ್ ಬಗ್ಗಿ ಕಂಡಿಯಿಂದ ಆ ಹೆಂಟೆಯನ್ನು ಎತ್ತಿದಳು. ಹಿಮ್ಮಡಿಯ ಗುರುತು ಅದರ ಮೇಲೆ ಹಾಗೆಯೇ ಇತ್ತು.

"ಕುರಿ ತುಳಿದಿರ್ಬೇಕು ಅನ್ನು," ಎಂದು ಹೊನ್ನೂರಣ್ಣ ಮೆಲ್ಲಗೆ ಹೇಳಿದ. ತನ್ನ ಮೂರು ವಾರದ ಕೆಲಸ ನೀರುಪಾಲಾಗಿದ್ದರೂ ಮೊದಲು ಆತನಿಗೆ ನೆನಪಾದದ್ದು ನನ್ನ ಪತ್ರ. ಆ ಗಳಿಗೆಯಲ್ಲಿ ಆತನ ಕಾಲು ಮುಟ್ಟಬೇಕೆನಿಸಿತು.

"ಕುರಿ ಅಲ್ಲ, ನಾನು," ಎಂದು ಮೊರಾಗ್‌ಗೆ ಹೇಳಿದೆ. ಯಾಕೆ ಎಂದು ಕೇಳಿದಳು. ಬಂದಷ್ಟು ಇಂಗ್ಲಿಷಿನಲ್ಲಿ ಕರೂರು, ಕಾಲುವೆ, ಅಣ್ಣ ಎಲ್ಲ ಹೇಳಿದೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ.

"ಮೊದಲು ಇದನ್ನು ಸರಿ ಮಾಡು. ಆಮೇಲೆ ಸಮಯ ಉಳಿದರೆ ನಿನ್ನ ಹತ್ತು ಹೆಜ್ಜೆ ಕೊಡುತ್ತೇನೆ. ಸಮಯ ಉಳಿಯದಿದ್ದರೆ ಪತ್ರ ಇಲ್ಲ."

ಹತ್ತು ಹೆಜ್ಜೆ ಅಂದರೆ ಪರೀಕ್ಷೆ. ಒಬ್ಬರೇ ಕಟ್ಟಬೇಕು, ಅದರ ಮೇಲೆ ಮಳೆ ಬೀಳಬೇಕು, ಅವಳು ನೋಡಬೇಕು. ಹೊನ್ನೂರಣ್ಣನದು ಜುಲೈನಲ್ಲೇ ಮುಗಿದಿತ್ತು.

ಮಳೆಯಲ್ಲಿ

ಸರಿ ಮಾಡಲು ಹದಿನೈದು ದಿನ ಹಿಡಿಯಿತು. ಕಲ್ಲು ನಾನೇ ಹೊತ್ತೆ, ಕೊರಕಲು ನಾನೇ ತುಂಬಿದೆ. ಹೊನ್ನೂರಣ್ಣ ಕೂರಿಸುವಾಗ ಹಾರೆ ಹಿಡಿದೆ. ಬೆಳಗಿನ ತಿಂಡಿಗೆ ಮುಂಚೆ ಉಳಿದವರು ಒಲೆ ಸುತ್ತ ಕೂತಿರುವಾಗ ನಾನು ಕೊಡೆ ಇಲ್ಲದೆ ಗುಡ್ಡಕ್ಕೆ ಹೋಗಿ ನಿಲ್ಲುತ್ತಿದ್ದೆ. ಮಳೆ ಹನಿ ಎಲ್ಲಿ ಬೀಳುತ್ತದೆ, ಎಲ್ಲಿ ಕೂಡುತ್ತದೆ, ಯಾವ ಕಡೆ ವಾಲುತ್ತದೆ, ಇಷ್ಟೇ ನೋಡುವುದು. ನೀರನ್ನು ಓದಲು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಿಡಿದಿಡಲು ಓದಿದ್ದನ್ನು ಈಗ ಕಳಿಸಲು ಓದಬೇಕಿತ್ತು. ನನ್ನ ಹಿಮ್ಮಡಿಯನ್ನು ನಾನೇ ಕಾಯಬೇಕಿತ್ತು. ಸಂಜೆ ಇಳಿಯುವಾಗ ತೆರೆದ ಕಂಡಿಗೆ ಬೆನ್ನು ಹಾಕಿ ನಡೆಯುವುದು ಎಷ್ಟು ಕಷ್ಟವೆಂದರೆ, ಮೊದಲ ಕೆಲವು ದಿನ ಹೊನ್ನೂರಣ್ಣ ನನ್ನ ತೋಳು ಹಿಡಿದು ಎಳೆದುಕೊಂಡು ಬರುತ್ತಿದ್ದ.

ಕರೂರಿನ ಅಣ್ಣನಿಗೆ ಇದನ್ನು ಫೋನಿನಲ್ಲಿ ಹೇಳಿದೆ. "ನೀರು ಬಿಡಾಕ ಅಷ್ಟು ದೂರ ಹೋಗಿಯೇನಲೇ? ಇಲ್ಲಿ ನಮ್ಮ ಹೊಲಕ್ಕ ಬಿಡಬಾರ್ದೇನು?" ಎಂದ.

ಮಳೆ ಬಾರದ ವಾರ

ಸೆಪ್ಟೆಂಬರಿನ ಕೊನೆಯ ವಾರ ನನಗೆ ಹತ್ತು ಹೆಜ್ಜೆ ಸಿಕ್ಕಿತು. ಬುಧವಾರ ಸಂಜೆಗೆ ಮುಗಿಸಿದೆ: ಆರು ಮೆಟ್ಟಿಲು, ಎರಡು ಮೋರಿ. ಶನಿವಾರ ಮೊರಾಗ್ ಬೇರೆ ಗುಡ್ಡಕ್ಕೆ ಹೊರಡುವವಳಿದ್ದಳು. ಮಧ್ಯೆ ಎರಡು ದಿನ. ಆ ನಾಡಿನಲ್ಲಿ ಎರಡು ದಿನದೊಳಗೆ ಮಳೆ ಬರುವುದಕ್ಕೆ ಯಾರಾದರೂ ಪಂಚಾಂಗ ನೋಡುತ್ತಾರೆಯೇ?

ಮಳೆ ಬರಲಿಲ್ಲ. ಸೋಮವಾರದಿಂದ ಒಂದು ಹನಿ ಬಿದ್ದಿರಲಿಲ್ಲ. ಐದು ತಿಂಗಳು ನನ್ನ ಮೂಳೆ ನೆನೆಸಿದ ಆಕಾಶ ಈಗ ನಮ್ಮ ಸಿರುಗುಪ್ಪದ ಆಕಾಶದಷ್ಟು ನೀಲಿ. ತಂಡದವರೆಲ್ಲ ಕಲ್ಲಿನ ಮೇಲೆ ಬಿದ್ದುಕೊಂಡು ಖುಷಿಪಡುತ್ತಿದ್ದರು. ಅವರನ್ನೆಲ್ಲ ಎಬ್ಬಿಸಿ ಹೊಡೆಯಬೇಕೆನ್ನುವಷ್ಟು ಸಿಟ್ಟು ಬಂತು.

ಗುರುವಾರ ಬೆಳಗ್ಗೆ ಬಕೆಟ್ಟಿನಲ್ಲಿ ನೀರು ಹೊತ್ತು ಸುರಿದು ತೋರಿಸುತ್ತೇನೆ ಎಂದೆ. ಮೊರಾಗ್ ತಲೆಯಾಡಿಸಿದಳು. "ಬಕೆಟ್ಟು ಮಳೆಯಲ್ಲ. ಮಳೆ ಒಮ್ಮೆಗೇ ಬರುತ್ತದೆ."

ಒಮ್ಮೆಗೇ ಬರಬೇಕು, ಅಷ್ಟೇ ತಾನೆ. ದಾರಿಯ ಮೇಲ್ಗಡೆ ಒಂದು ತಗ್ಗಿತ್ತು, ಅದರೊಳಗೆ ಬೆರಳು ಗಾತ್ರದ ಒರತೆ ಇನ್ನೂ ಹರಿಯುತ್ತಿತ್ತು. ಅಲ್ಲಿ ಒಂದು ಬದು ಕಟ್ಟಲೇ ಎಂದು ಕೇಳಿದೆ. ಮೊರಾಗ್, ಕತ್ತರಿಸಿದ ಪ್ರತಿ ಹೆಂಟೆಯನ್ನೂ ವಾಪಸು ಅದರ ಜಾಗದಲ್ಲೇ ಇಡುವುದಾದರೆ ಕಟ್ಟು ಎಂದಳು.

ಮಧ್ಯಾಹ್ನದೊಳಗೆ ಕಟ್ಟಿದೆ, ಕರೂರಿನಲ್ಲಿ ಕಟ್ಟುವ ಹಾಗೆಯೇ, ಹೆಂಟೆಯ ಮೇಲೆ ಹೆಂಟೆ, ಸಂದಿಗೆ ಕೆಸರು, ಮೇಲೆ ತುಳಿತ. ಹಿಮ್ಮಡಿಗೆ ಅಂದು ಹಬ್ಬ. ತಂಡದವರು ಒಬ್ಬೊಬ್ಬರೇ ಬಿಸಿಲು ಬಿಟ್ಟೆದ್ದು ನೋಡಲು ಬಂದರು. ಒಂದು ಹನಿಯೂ ಸೋರದಿರುವುದನ್ನು ನೋಡಿ ಒಬ್ಬ ಹುಡುಗಿ ಬದುವಿಗೆ ಕಿವಿ ಹಚ್ಚಿ ಕೂತಳು. ಶುಕ್ರವಾರ ಸಂಜೆಗೆ ನೀರು ನನ್ನ ಸೊಂಟ ಮುಟ್ಟಿತ್ತು.

ಶನಿವಾರ

ಮೊರಾಗ್‌ಳ ಸಾಮಾನು ಜೀಪಿಗೆ ಏರಿತ್ತು. ಎಲ್ಲರೂ ದಾರಿಯ ಪಕ್ಕ ನಿಂತರು. ನಾನು ಸಲಿಕೆ ಹಾಕಿ ಬದು ಒಡೆದೆ.

ನೀರು ಕಪ್ಪಗೆ ನೆಗೆದು ದಾರಿಗೆ ಬಿತ್ತು. ಮೊದಲ ಮೋರಿಗೆ ತಾಗಿ, ತಿರುಗಿ, ಮುಕ್ಕಾಲು ಪಾಲು ಕಂಡಿಯಿಂದ ಹೊರಬಿತ್ತು. ಉಳಿದದ್ದು ಎರಡನೇ ಮೋರಿಗೆ ಬಂತು, ಅಲ್ಲಿಂದಲೂ ಹೊರಗೆ ಹೋಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಮೊರಾಗ್ ಜೇಬಿನಿಂದ ಪೆನ್ನು ತೆಗೆದಳು.

ನಾನು ಎರಡನೇ ಮೋರಿಯ ಕೊನೆಯ ಕಲ್ಲನ್ನು ನೋಡುತ್ತಿದ್ದೆ. ಅದರ ಅಡಿಯಿಂದ ಅಂಗೈಯಗಲ ನೀರು ನುಸುಳಿ ಕೆಳಗಿನ ಮೆಟ್ಟಿಲಿಗೆ ಬಂದು ನಿಂತಿತ್ತು. ಅಷ್ಟೇ. ಒಂದು ಲೋಟವೂ ಆಗಲಿಕ್ಕಿಲ್ಲ. ಆದರೆ ಒಂದು ಚಳಿಗಾಲ ಅದೇ ಜಾಗದಲ್ಲಿ ನುಸುಳಿದರೆ ಆ ಕಲ್ಲು ಉಳಿಯುವುದಿಲ್ಲ, ಕಲ್ಲು ಹೋದರೆ ಮೆಟ್ಟಿಲು ಉಳಿಯುವುದಿಲ್ಲ.

"ಬರೆಯಬೇಡಿ," ಎಂದೆ.

ಮೊರಾಗ್‌ಗೂ ಅದು ಕಂಡಿತ್ತು. "ಸಣ್ಣದು. ನಾನು ಬರೆಯುತ್ತೇನೆ, ನೀನು ಆಮೇಲೆ ಸರಿ ಮಾಡಿಕೋ."

"ಬೇಡ. ನೀರು ಪೂರ್ತಿ ಹೊರಗೆ ಹೋದ ಮೇಲೆ ಬರೆಯಿರಿ."

ಏನು ನಡೆಯುತ್ತಿದೆ ಎಂದು ಹೊನ್ನೂರಣ್ಣ ಕೇಳಿದ. ಹೇಳಿದೆ. ಆತ ಹಣೆ ಬಡಿದುಕೊಂಡ. "ಆಕಿ ಬರದು ಕೊಡ್ತೀನಿ ಅಂದ್ರೂ ಬ್ಯಾಡಂತಿಯಲ್ಲ, ತಲಿ ಕೆಟ್ಟೈತೇನವ್ವ ನಿಂಗ? ಆಕಿ ಹೊಂಟಾಳ, ನಾವು ಬುಧವಾರ ವಿಮಾನ ಹತ್ತಬೇಕು!"

"ಕುರುಗೋಡಿನಾಗ ನಾ ಹತ್ತು ಮಂದೀಗೆ ಇದು ಸರಿ, ಇದು ತಪ್ಪು ಅಂತ ಹೇಳಬೇಕಣ್ಣ. ಇಲ್ಲಿ ಕಣ್ಣು ಮುಚ್ಕೊಂಡ್ರ ಅಲ್ಲಿ ಯಾವ ಬಾಯಿಲೆ ಹೇಳ್ಲಿ?"

ಹಾರೆ ಹಾಕಿ ಆ ಕಲ್ಲನ್ನು ಎಲ್ಲರ ಎದುರೇ ಕಿತ್ತು ಹಾಕಿದೆ. ಹಟ ಮಾಡಿ ಪತ್ರವನ್ನು ಕಳೆದುಕೊಂಡೆ ಎಂದೇ ಅಂದುಕೊಂಡಿದ್ದೆ. ಮೊರಾಗ್ ಪೆನ್ನಿಗೆ ಮುಚ್ಚಳ ಹಾಕಿದಳು, ಇಳಿದು ಜೀಪು ಹತ್ತಿ ಹೋದಳು.

ಮಧ್ಯಾಹ್ನ ಕಲ್ಲನ್ನು ಮತ್ತೆ ಕೂರಿಸಿದೆ, ಈ ಸಲ ಒಂದು ಗೇಣು ಆಳಕ್ಕೆ. ಬದುವಿನ ಕಂಡಿ ಮತ್ತೆ ಮುಚ್ಚಿದೆ. ಅವಳು ಬರುತ್ತಾಳೋ ಇಲ್ಲವೋ, ನಾನಂತೂ ನೋಡಿಯೇ ಹೋಗುವುದು ಎಂದು ಹೊನ್ನೂರಣ್ಣನಿಗೆ ಹೇಳಿದೆ. ಆತ ಬೈಯುತ್ತಲೇ ಹೆಂಟೆ ಎತ್ತಿ ಕೊಟ್ಟ.

ಸೋಮವಾರ ಬೆಳಗ್ಗೆ ನಾವು ಹತ್ತುವಷ್ಟರಲ್ಲಿ ಮೊರಾಗ್ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಎರಡು ಗಂಟೆ ಜೀಪು ಓಡಿಸಿಕೊಂಡು ಬಂದಿದ್ದಳು. "ಒಡೆ," ಎಂದಳು. ಒಡೆದೆ. ನೀರು ಬಂತು, ತಾಗಿತು, ತಿರುಗಿತು, ಹೋಯಿತು. ಅವಳು ಮೊಣಕಾಲೂರಿ ಕೆಳಗಿನ ಮೆಟ್ಟಿಲನ್ನು ಅಂಗೈಯಿಂದ ಒರೆಸಿ ಕೈ ನೋಡಿಕೊಂಡಳು. ಕೈ ಒಣಗಿತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಪತ್ರ ಐದೇ ಸಾಲಿನದು. ಕೊನೆಯ ಸಾಲು ಹೀಗಿತ್ತು: ಒಂದು ಗುಡ್ಡವನ್ನು ಇವರ ಕೈಗೆ ಕೊಡಬಹುದು. ಆ ದಿನವೆಲ್ಲ ನಾವಿಬ್ಬರೂ ಬದುವಿನ ಹೆಂಟೆಗಳನ್ನು ಒಂದೊಂದಾಗಿ ಅವುಗಳ ಜಾಗಕ್ಕೆ ಸೇರಿಸಿದೆವು.

ಕುರುಗೋಡು

ಮಳೆಗಾಲ ಪೂರ್ತಿ ಮುಗಿದ ಮೇಲೆ ಕುರುಗೋಡಿನಲ್ಲಿ ಕೆಲಸ ಶುರುವಾಯಿತು. ಮೊದಲ ದಿನ ಗುಡ್ಡದ ಬುಡದಲ್ಲಿ ಹದಿನಾಲ್ಕು ಆಳು, ಹಾರೆ, ಸಲಿಕೆ, ಪುಟ್ಟಿ. ಮ್ಯಾನೇಜರು ನನ್ನ ಪತ್ರವನ್ನೂ ಹೊನ್ನೂರಣ್ಣನ ಪತ್ರವನ್ನೂ ಓದಿದರು, ಮಡಚಿ ಫೈಲಿಗೆ ಹಾಕಿದರು. ಆಮೇಲೆ ಹೊನ್ನೂರಣ್ಣನ ಕಡೆ ತಿರುಗಿದರು.

"ಹೇಳಪ್ಪಾ ಹೊನ್ನೂರಪ್ಪ, ಎಲ್ಲಿಂದ ಶುರು ಮಾಡೂನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಹೊನ್ನೂರಣ್ಣ ತಲೆಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ನನ್ನ ಯಾಕ ಕೇಳ್ತೀರಿ ಸರ? ಆಕೀನ್ನ ಕೇಳ್ರಿ. ನಾ ಬರೇ ಕಲ್ಲು ಇಡಾಂವ."

ಆಳುಗಳು ಮ್ಯಾನೇಜರನ್ನು ನೋಡಿದರು, ಮ್ಯಾನೇಜರು ಗುಡ್ಡವನ್ನು ನೋಡಿದರು. ಕೊನೆಗೆ, "ಎಲ್ಲಿಂದ್ರೀ ಈರಮ್ಮನವರ?" ಎಂದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನನ್ನು ಬಹುವಚನದಲ್ಲಿ ಕರೆದರು.

"ಮ್ಯಾಲಿಂದ ಸರ. ನೀರು ಅಲ್ಲಿಂದಽ ಬರ್ತೈತಿ. ಬರ್ರಿ," ಎಂದು ಸಲಿಕೆ ಹೆಗಲಿಗೇರಿಸಿದೆ.

ನಾನು ಮುಂದೆ ಹತ್ತಿದೆ. ಎಲ್ಲರೂ ಹಿಂದೆ ಬಂದರು.